ಹತ್ತರಿಂದ ಶುರುವಾದ ಎಣಿಕೆ

ಮರಗಳಿಗೆ ನಂಬರ್ ಬರೆಯಬೇಕು ಎಂದು ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಹೇಳಿದಾಗ ನಾನು ನಕ್ಕುಬಿಟ್ಟೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ದಾವಣಗೆರೆ ಬಜಾರಿನಲ್ಲಿ ನನ್ನದು ಬೋರ್ಡು ಬರೆಯುವ ಅಂಗಡಿ. ಜವಳಿ ಅಂಗಡಿಯ ಹಣೆ, ಮಿಲ್ಲಿನ ಗೇಟು, ಲಾರಿಯ ಹಿಂಬದಿ, ಮದುವೆ ಮನೆಯ ಕಮಾನು ಎಲ್ಲ ಬರೆದಿದ್ದೆ. ಮರ ಬರೆದಿರಲಿಲ್ಲ.

ಎಂಬತ್ತರ ದಶಕದ ಶುರುವಿನ ಒಂದು ಜನವರಿ, ಶುಕ್ರವಾರ. ನಾನು ಮಧ್ಯಾಹ್ನದ ನಮಾಜ್ ಮುಗಿಸಿ ಬರುವಷ್ಟರಲ್ಲಿ ಮೇಷ್ಟ್ರು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಎಸ್.ಎಸ್. ಬಡಾವಣೆಯಲ್ಲಿ ಅವರು ಮನೆ ಕಟ್ಟಿಸಿದಾಗ ಮನೆಯ ಹೆಸರು ಬರೆದುಕೊಟ್ಟವನು ನಾನೇ, ಹಾಗಾಗಿ ಸಲಿಗೆ ಇತ್ತು. ಅವರು ಹೇಳಿದ ವಿಷಯ ಇಷ್ಟು. ಕಡರನಾಯಕನಹಳ್ಳಿಯ ಆಚೆ ಒಂದು ಸಣ್ಣ ಕೆರೆ, ಅದರ ಹಿಂದೆ ಸರ್ಕಾರದ ಜಾಲಿ ತೋಪು. ನೂರಕ್ಕೆ ಮೇಲೆ ಮರ. ಅದರಲ್ಲಿ ಒಂದಿಷ್ಟು ಮರಗಳನ್ನು ಸೋಮವಾರದಿಂದ ಕಡಿಯುವುದು ಎಂದು ಆಗಿತ್ತು. ಆದರೆ ಆ ವರ್ಷ ಅಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದ್ದವು, ಗೂಡಿನಲ್ಲಿ ಮರಿಗಳಿದ್ದವು. ಮೇಷ್ಟ್ರು ಅರಣ್ಯದ ಸಾಹೇಬರ ಬಳಿ ಹೋಗಿ ಕೈಮುಗಿದಿದ್ದರು. ಸಾಹೇಬರು ಒಳ್ಳೆಯವರು. ಗೂಡು ಇರುವ ಮರಗಳ ಪಟ್ಟಿಯನ್ನು ನಂಬರ್ ಸಮೇತ ಸೋಮವಾರ ಹತ್ತು ಗಂಟೆಗೆ ತಂದುಕೊಡಿ, ಅವನ್ನು ಬಿಟ್ಟು ಉಳಿದದ್ದು ಕಡಿಸುತ್ತೇವೆ ಅಂದಿದ್ದರಂತೆ. ಮರಗಳ ಮೇಲೆ ನಂಬರೇ ಇರಲಿಲ್ಲ. ಅದಕ್ಕೇ ನಾನು.

ಶನಿವಾರ ಮೊದಲ ಬಸ್ಸಿಗೆ ಹೊರಟೆವು. ಹರಿಹರದಲ್ಲಿ ಇಳಿದು ನಂದಿಗುಡಿ ಕಡೆಯ ಬಸ್ಸು ಹಿಡಿದು, ಕಡರನಾಯಕನಹಳ್ಳಿಯಲ್ಲಿ ಇಳಿದು ಹೊಲದ ಬದುವಿನ ಮೇಲೆ ನಡೆದೆವು. ಹೊಳೆ ಕಡೆಯಿಂದ ಮಂಜು ಬರುತ್ತಿತ್ತು, ಕಿವಿ ಮರಗಟ್ಟುವ ಚಳಿ. ನನ್ನ ಹೆಗಲಲ್ಲಿ ಬಣ್ಣದ ಡಬ್ಬಿ, ಟರ್ಪೆಂಟೈನ್ ಬಾಟಲಿ, ಒಂದು ಸಣ್ಣ ಬಾಚಿ. ಮೇಷ್ಟ್ರ ಕೊರಳಲ್ಲಿ ದುರ್ಬೀನು.

ತೋಪಿನ ಹತ್ತಿರ ಬಂದ ಕೂಡಲೇ ಒಳಗೆ ನುಗ್ಗಲು ಮೇಷ್ಟ್ರು ಬಿಡಲಿಲ್ಲ. ಅರ್ಧ ಗಂಟೆ ಕೆರೆ ಏರಿಯ ಮೇಲೆ ಸುಮ್ಮನೆ ಕೂರಿಸಿದರು. ಹಕ್ಕಿಗಳು ನಮ್ಮನ್ನು ನೋಡಿ ಒಪ್ಪಿಕೊಳ್ಳಬೇಕಂತೆ. ಆಮೇಲೆ ಅವರ ಕ್ರಮ ವಿವರಿಸಿದರು. ಅವರು ಏರಿಯ ಮೇಲಿಂದಲೇ ಒಂದೊಂದು ಮರದ ಗೂಡು ಎಣಿಸಿ ಬರೆದುಕೊಂಡು ಕೈ ತೋರಿಸುತ್ತಾರೆ, ನಾನೊಬ್ಬನೇ ಹೋಗಿ ಆ ಮರಕ್ಕೆ ನಂಬರ್ ಹಾಕಿ ಬರಬೇಕು. ಒಂದು ಮರದ ಕೆಳಗೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು. ನಿಂತರೆ ತಾಯಿ ಹಕ್ಕಿ ಎದ್ದು ಹೋಗುತ್ತದೆ, ಬಿಸಿಲಿಗೆ ಮರಿ ಬಾಡುತ್ತದೆ, ಕಾಗೆ ಬರುತ್ತದೆ.

ಸುಣ್ಣದ ನೀರಿನಲ್ಲಿ ಬರೆದರೆ ಸಾಕು ಎಂದು ಅವರು ಮೊದಲೇ ಹೇಳಿದ್ದರು, ಒಂದು ಪುಟ್ಟ ಬಕೆಟ್ಟಿನಲ್ಲಿ ಸುಣ್ಣವನ್ನೂ ತಂದಿದ್ದರು. ಮೊದಲ ಮರಕ್ಕೆ ಹಚ್ಚಿ ನೋಡಿದೆ. ಜಾಲಿಯ ತೊಗಟೆ ಬಿರುಕು ಬಿರುಕು. ಸುಣ್ಣ ಬಿರುಕಿನೊಳಗೆ ಇಳಿದು ‘ಒಂದು’ ಅನ್ನುವುದು ಹಕ್ಕಿ ಹಿಕ್ಕೆಯೋ ನಂಬರೋ ತಿಳಿಯದಂತಾಯಿತು. ನನಗೆ ಸಿಟ್ಟು ಬಂತು. ಬಾಚಿ ತೆಗೆದು ಎದೆ ಎತ್ತರದಲ್ಲಿ ಅಂಗೈ ಅಗಲದಷ್ಟು ಮೇಲಿನ ತೊಗಟೆ ಹೆರೆದೆ. ತೆಳು ಬಣ್ಣದ ಒಂದು ಕೈ ಎಳೆದು, ಒಣಗುವವರೆಗೆ ಏರಿಗೆ ವಾಪಸ್ ಬಂದು ಕೂತು, ಆಮೇಲೆ ಅದರ ಮೇಲೆ ವಾರ್ನಿಷ್ ಬೆರೆಸಿದ ಬಿಳಿ ಎನಾಮಲ್‌ನಲ್ಲಿ ನಂಬರ್ ಬರೆದು, ಬಲಗಡೆ ಕಪ್ಪು ನೆರಳು ಕೊಟ್ಟೆ. ಕೆರೆಯ ಆಚೆ ದಡದಿಂದಲೂ ಓದುವಂತಿತ್ತು. ಕೆಳಗೆ, ನಾವು ಬೋರ್ಡು ಬರೆಯುವವರು ಎಲ್ಲರೂ ಮಾಡುವ ಹಾಗೆ, ನನ್ನ ಅಂಗಡಿಯ ಹೆಸರನ್ನು ಕಾಳಿನಷ್ಟು ಸಣ್ಣದಾಗಿ ಬರೆದೆ. ಮೊದಲ ಮರಕ್ಕೆ ಮಾತ್ರ.

ಮೇಷ್ಟ್ರು ದುರ್ಬೀನಿನಲ್ಲಿ ನೋಡಿ ಹತ್ತಿರ ಬಂದರು. “ಎರಡು ದಿನಕ್ಕೆ ಸುಣ್ಣ ಸಾಕಾಗ್ತಿತ್ತಲ್ರೀ ಸಾಬ್ರೇ,” ಅಂದರು.

“ಎರಡು ದಿನಕ್ಕೆ ಅಳಿಸಿ ಹೋಗೋ ಅಕ್ಷರಕ್ಕ ನಾನ್ಯಾಕ ಬೇಕಿತ್ತು ಸಾರ್? ಸುಣ್ಣ ಹೊಡೆಯೋರನ್ನ ಕರ್ಕೊಂಡು ಬರ್ಬೇಕಿತ್ತು,” ಅಂದೆ.

ಅವರು ಪಾಪ, ಸುಣ್ಣದ ಬಕೆಟ್ಟು ಎತ್ತಿಕೊಂಡು ಏರಿಗೆ ಹೋದರು. ಅಲ್ಲೇ ನನ್ನ ಕಪಾಳಕ್ಕೊಂದು ಬಿಟ್ಟಿದ್ದರೆ ಚೆನ್ನಾಗಿತ್ತು.

ಸಂಜೆ ನಾಲ್ಕರ ಹೊತ್ತಿಗೆ ಮೂವತ್ತೆಂಟು ಮರ ಮುಗಿಯಿತು. ನಡುವೆ ಬುತ್ತಿ ಬಿಚ್ಚಿದಾಗ ಮೇಷ್ಟ್ರು ದುರ್ಬೀನು ನನ್ನ ಕೈಗೆ ಕೊಟ್ಟರು. ಅಲ್ಲಿಯವರೆಗೆ ನನಗೆ ಕೊಕ್ಕರೆ ಅಂದರೆ ಕೊಕ್ಕರೆ, ಅಷ್ಟೇ. ಕಣ್ಣಿಗೆ ಹಿಡಿದೆ. ಹಳದಿ ಕೊಕ್ಕು, ಕಿತ್ತಳೆ ಮುಖ, ಬೆನ್ನಿನ ಹಿಂದೆ ರೆಕ್ಕೆಯ ತುದಿಯಲ್ಲಿ ಒಂದು ಗುಲಾಬಿ. ಆ ಗುಲಾಬಿ ನನ್ನ ಯಾವ ಡಬ್ಬಿಯಲ್ಲೂ ಇರಲಿಲ್ಲ. ಎಷ್ಟು ಬಿಳಿಗೆ ಎಷ್ಟು ಕೆಂಪು ಹಾಕಿದರೆ ಬರುತ್ತದೆ ಎಂದು ಮನಸ್ಸಿನಲ್ಲೇ ಕಲಸತೊಡಗಿದೆ. ಹನ್ನೆರಡರ ಬಿಸಿಲಿಗೆ ಒಂದು ತಾಯಿ ಗೂಡಿನ ಅಂಚಿನಲ್ಲಿ ಸೂರ್ಯನಿಗೆ ಬೆನ್ನು ಕೊಟ್ಟು ನಿಂತು ಎರಡೂ ರೆಕ್ಕೆ ಬಿಚ್ಚಿ ಹಿಡಿಯಿತು. ಮೂರು ಮರಿ ಆ ನೆರಳಿನಲ್ಲಿ ಕುತ್ತಿಗೆ ಇಳಿಬಿಟ್ಟು ಕೂತವು. ಇನ್ನೊಂದು ಹಕ್ಕಿ ಕೆರೆಯಿಂದ ಬಾಯಲ್ಲಿ ನೀರು ತಂದು ಮರಿಗಳ ಮೇಲೆ ಸುರಿಯಿತು. ಇದು ಒಂದನೇ ನಂಬರ್ ಮರ. ನನ್ನ ಮನೆಯಲ್ಲೂ ಆಗ ಮೂರು ಮಕ್ಕಳು. ನಾನು ದುರ್ಬೀನು ವಾಪಸ್ ಕೊಡಲಿಲ್ಲ, ಅವರೇ ಕಿತ್ತುಕೊಂಡರು.

ಆ ದಿನ ತೋಪಿನಲ್ಲಿ ಏನೇನು ನೋಡಿದೆವು! ಬೇಲಿಯ ಬುಡದಲ್ಲಿ ಮೊಲ, ಏರಿ ದಾಟಿದ ಎರಡು ಮುಂಗುಸಿ, ಕತ್ತಲ ಕೊಂಬೆ ಸಂದಿಯಲ್ಲಿ ತೂಕಡಿಸುವ ಕೆಂಪು ಕಣ್ಣಿನ ಇರುಳು ಬಕ. ಇಪ್ಪತ್ತನೇ ಮರದಿಂದ ಒಂದು ಮರಿ ಜಾರಿ ಬಿದ್ದಾಗ ಪೊದೆಯಿಂದ ಉಡವೊಂದು ಬಂದು ಅದನ್ನು ಎಳೆದುಕೊಂಡು ಹೋಯಿತು. ನಾನು ಬಾಚಿ ಹಿಡಿದು ಓಡಿದೆ. ಮೇಷ್ಟ್ರು ಅಂಗಿ ಹಿಡಿದು ನಿಲ್ಲಿಸಿದರು, ಅದರ ಊಟ ಅದು ಅಂದರು. ಇಷ್ಟು ಕಲ್ಲುಮನಸ್ಸಿನ ಮನುಷ್ಯನೇ ಎಂದು ದಂಗಾಗಿ ಅವರ ಮುಖ ನೋಡಿದೆ.

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಮೇಷ್ಟ್ರು ಪಟ್ಟಿಯನ್ನು ಎರಡು ಸಲ ಓದಿದರು. ಭಾನುವಾರ ಬೆಳಿಗ್ಗೆ ಇನ್ನೊಮ್ಮೆ ಎಣಿಸಿ ತಾಳೆ ನೋಡುವುದು, ಸೋಮವಾರ ಕೊಡುವುದು. ನಾನು ಬರುವ ಅಗತ್ಯವಿರಲಿಲ್ಲ. ಆ ಗುಲಾಬಿಯನ್ನು ಮತ್ತೊಮ್ಮೆ ನೋಡಬೇಕೆಂದು ಹೊರಟೆ. ಅರ್ಧ ಡಬ್ಬಿ ಬಣ್ಣ ಉಳಿದಿತ್ತು, ಚೀಲ ಖಾಲಿ ಮಾಡದೆ ಹಾಗೇ ಹೆಗಲಿಗೇರಿಸಿದೆ.

ಭಾನುವಾರ ನಾವು ಬಸ್ಸಿಳಿದಾಗ ಎಂಟೂವರೆ. ಬದುವಿನ ಮೇಲೆ ಹೋಗುವಾಗ ಕೊಡಲಿ ಸದ್ದು ಕೇಳಿತು. ಯಾರೋ ಸೌದೆ ಒಡೆಯುತ್ತಿದ್ದಾರೆ ಅಂದುಕೊಂಡೆ. ಮೇಷ್ಟ್ರು ಮೇಲೆ ನೋಡಿ ನಿಂತರು. ಆಕಾಶದಲ್ಲಿ ಕೊಕ್ಕರೆಗಳು ಸುತ್ತುತ್ತಿದ್ದವು, ಐವತ್ತೋ ಅರವತ್ತೋ. ಒಂದೂ ಕೂಗುತ್ತಿರಲಿಲ್ಲ. ದೊಡ್ಡ ಹಕ್ಕಿಗೆ ಕಂಠವೇ ಇಲ್ಲ, ಕೊಕ್ಕು ಬಡಿಯುತ್ತದೆ ಅಷ್ಟೇ ಎಂದು ಹಿಂದಿನ ದಿನ ಅವರೇ ಹೇಳಿದ್ದರು. ಇಬ್ಬರೂ ಓಡಿದೆವು.

ಏರಿ ದಾಟಿ ತೋಪಿಗೆ ನುಗ್ಗಿದವನಿಗೆ ಮೊದಲು ಕಂಡದ್ದು ನನ್ನ ಹೆಸರು. ನೆಲದ ಮೇಲೆ ಅಡ್ಡಲಾಗಿ ಬಿದ್ದಿದ್ದ ಮರದ ಮೇಲೆ, ಬಿಳಿ ‘ಒಂದು’, ಅದರ ಕೆಳಗೆ ಅಂಗಡಿಯ ಹೆಸರು. ಓದಲು ತಲೆ ವಾಲಿಸಬೇಕಾಯಿತು. ಅದರ ಆಚೆ ‘ಎರಡು’. ಅದರ ಆಚೆ ‘ಮೂರು’. ಆರು ಮರ ಸಾಲಾಗಿ ಬಿದ್ದಿದ್ದವು. ಸುತ್ತ ಇದ್ದ ಮರಗಳು, ಒಂದೂ ಗೂಡಿಲ್ಲದ, ನಂಬರಿಲ್ಲದ ಮರಗಳು ಆರಾಮಾಗಿ ನಿಂತಿದ್ದವು. ಅಲ್ಲೇ ಕೂತುಬಿಟ್ಟೆ. ಇದು ಹೆಂಗೆ, ಇದು ಹೆಂಗೆ ಎಂದು ಬಾಯಿ ತಾನಾಗೇ ಹೇಳುತ್ತಿತ್ತು.

ನೆಲದ ಮೇಲೆ ಮರಿಗಳು. ಕೆಲವು ಸತ್ತಿದ್ದವು. ಕೆಲವು ಕುತ್ತಿಗೆ ಎತ್ತಿ ಬಾಯಿ ತೆರೆದು ಕೂಗುತ್ತಿದ್ದವು. ಮರಿಗೆ ಮಾತ್ರ ಕಂಠವಿತ್ತು. ಇಬ್ಬರು ಹೆಂಗಸರು ಗೂಡುಗಳನ್ನು ಬಿಡಿಸಿ ಕಡ್ಡಿಗಳನ್ನು ಹೊರೆ ಕಟ್ಟುತ್ತಿದ್ದರು. ಒಣಗಿದ ಪುಳ್ಳೆ, ಒಲೆಗೆ ಚೆನ್ನಾಗಿ ಹತ್ತುತ್ತದೆ. ಅವರದೇನೂ ತಪ್ಪಿರಲಿಲ್ಲ.

ಮೇಷ್ಟ್ರು ಕಡಿಯುವವರ ಮೇಸ್ತ್ರಿಯ ಮುಂದೆ ನಿಂತು ಪಟ್ಟಿ ಬಿಡಿಸಿ ಹಿಡಿದರು. ನಾನು ಎದ್ದು ಹೋಗಿ ಕೇಳಿದೆ, ಸೋಮವಾರದ ಕೆಲಸ ಇವತ್ತು ಯಾಕೆ ಹಿಡಿದಿರಿ ಎಂದು. ಮೇಸ್ತ್ರಿಗೆ ಐವತ್ತರ ವಯಸ್ಸು, ತಲೆಗೆ ಟವೆಲು, ಕಿವಿಯಲ್ಲಿ ಬೀಡಿ. ಒಳ್ಳೆಯ ಮನುಷ್ಯ.

“ಸೋಮವಾರ ಬಸವಣ್ಣನ ವಾರ ಅಲ್ಲೇನ್ರಿ? ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಗಾಡಿ ಕಟ್ಟದಿದ್ರೆ ಮರ ಸಾಗ್ಸೋದು ಹೆಂಗೆ? ನಿನ್ನೆ ಸಂಜಿಗೆ ಗಾರ್ಡು ಬಂದು ನೋಡ್ಯಾರ. ನಂಬರ್ ಆಗ್ಯಾವೆ, ನಂಬರ್ ಇದ್ದದ್ದು ಕಡಕೊಳ್ರಿ ಅಂದ್ರು.”

ಬಸವಣ್ಣನ ವಾರ ಮೇಷ್ಟ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸೋಮವಾರ ಹಳ್ಳಿಯ ಗಾಡಿಗಳು ಪೇಟೆಗೆ ಬರುವುದಿಲ್ಲ ಎಂದು ದಾವಣಗೆರೆ ಬಜಾರಿನಲ್ಲಿ ಯಾರಿಗೆ ತಿಳಿಯದು? ಆದರೆ ಆಫೀಸಿನವರು ಸೋಮವಾರ ಅಂದ ಕೂಡಲೇ ನಮ್ಮಿಬ್ಬರಿಗೂ ಕ್ಯಾಲೆಂಡರು ಮಾತ್ರ ಕಂಡಿತ್ತು. ಇನ್ನು ನಂಬರಿನ ವಿಷಯ. ಕಡಿಯಬೇಕಾದ ಮರದ ತೊಗಟೆಯನ್ನು ಅಂಗೈ ಅಗಲ ಹೆರೆದು ನಂಬರ್ ಹಾಕುವುದು ಅರಣ್ಯದವರ ಪದ್ಧತಿಯಂತೆ. ಹೆರೆದದ್ದು ಕಂಡರೆ ಅದಕ್ಕೆ ಕೊಡಲಿ. ಇದನ್ನು ಮೇಸ್ತ್ರಿ ಹೇಳುತ್ತಿದ್ದರೆ ನನ್ನ ಕೈ ನನ್ನದಲ್ಲ ಅನಿಸಿತು. ಸುಣ್ಣದಲ್ಲಿ ಬರೆದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಅರಣ್ಯದ ಗಾರ್ಡು ಇದ್ದದ್ದು ಹರಿಹರದಲ್ಲಿ. ಅವರ ಬಾಯಿಂದ ಮಾತು ಬಂದರೆ ಆ ಗಳಿಗೆಗೆ ಕೊಡಲಿ ಕೆಳಗಿಡುತ್ತೇನೆ, ಅಲ್ಲಿಯವರೆಗೆ ಆಗುವುದಿಲ್ಲ ಎಂದ ಮೇಸ್ತ್ರಿ. ತನ್ನ ಸೈಕಲ್ಲನ್ನು ತಾನೇ ತಂದು ಮೇಷ್ಟ್ರ ಕೈಗೆ ಕೊಟ್ಟ. ಮೇಷ್ಟ್ರು ಪಟ್ಟಿ ಜೇಬಿನಲ್ಲಿಟ್ಟುಕೊಂಡು ಹೊರಟರು. ಹೋಗಿ ಬರಲು ಮಧ್ಯಾಹ್ನವಾಗುತ್ತದೆ. ಇಲ್ಲಿ ಮೂರು ಜೋಡಿ ಕೊಡಲಿ, ಏಳು, ಎಂಟು, ಒಂಬತ್ತರ ಬುಡದಲ್ಲಿ ಆಡುತ್ತಿದ್ದವು. ಮೂವತ್ತೆಂಟೂ ಮುಗಿಯದಿದ್ದರೂ ಅವುಗಳಲ್ಲಿ ಅರ್ಧ ಮಲಗುತ್ತಿದ್ದವು.

ನಾನು ಟರ್ಪೆಂಟೈನ್ ಬಾಟಲಿ ಹಿಡಿದು ಹತ್ತನೇ ಮರಕ್ಕೆ ಓಡಿದೆ. ನಂಬರ್ ಅಳಿಸಿಬಿಡೋಣ ಎಂದು. ಬಟ್ಟೆ ನೆನೆಸಿ ತಿಕ್ಕಿದೆ, ತಿಕ್ಕಿದೆ. ಹೊಳಪು ಹೋಯಿತು, ಅಕ್ಷರ ಹೋಗಲಿಲ್ಲ. ಹೋಗುವುದಾದರೂ ಹೇಗೆ, ಹತ್ತು ವರ್ಷ ಮಳೆಗೂ ಜಗ್ಗದಂತೆ ವಾರ್ನಿಷ್ ಬೆರೆಸಿದವನು ನಾನೇ. ನನ್ನ ಹಿಂದೆ ಏಳನೇ ಮರ ಮುರಿದು ಬಿತ್ತು. ಬಾಚಿ ತೆಗೆದು ಹತ್ತನ್ನು ಕೆರೆದು ಹಾಕಿದೆ. ಮೇಸ್ತ್ರಿ ದೂರದಿಂದಲೇ ನೋಡಿ, ಸಿಟ್ಟಿಲ್ಲದೆ ಹೇಳಿದ, ನಂಬರ್ ಹೋದರೇನು, ಹೆರೆದ ಗುರುತು ಇದೆಯಲ್ಲ, ನಿನ್ನೆ ಇದ್ದ ನಂಬರ್ ನನಗೆ ನೆನಪಿದೆ. ಎಂಟನೆಯದೂ ಬಿತ್ತು. ಹೆರೆದ ತೊಗಟೆಯನ್ನು ವಾಪಸ್ ಅಂಟಿಸುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಅತ್ತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೂರು ಮಕ್ಕಳ ತಂದೆ, ಮರ ತಬ್ಬಿಕೊಂಡು ಅತ್ತೆ.

ಒಂಬತ್ತನೆಯದು ಬಿದ್ದಾಗ ಮೇಸ್ತ್ರಿ ಸೊಂಟದಿಂದ ಒಂದು ಪುಸ್ತಕ ತೆಗೆದು ಪೆನ್ಸಿಲ್ಲಿನಿಂದ ಗೀಟು ಹಾಕಿದ. ಅದೇನು ಎಂದು ಕೇಳಿದೆ. ಕಡಿದ ಮರದ ನಂಬರ್ ಬರೆಯುವ ಪುಸ್ತಕ. ಇದೇ ನಂಬರನ್ನು ದಿಮ್ಮಿಯ ತಲೆಗೂ ಡಾಂಬರಿನಲ್ಲಿ ಹಾಕುತ್ತಾರೆ, ಅರಣ್ಯದವರ ಮರದ ಡಿಪೋದಲ್ಲಿ ಒಂದೊಂದನ್ನೂ ಕೂಗಿ ತಾಳೆ ನೋಡುತ್ತಾರೆ. ಒಂದು ನಂಬರಿಗೆ ಒಂದೇ ಮರ. ಹೆಚ್ಚಾದರೂ ಕಳ್ಳತನ, ಕಡಿಮೆಯಾದರೂ ಕಳ್ಳತನ. ಕ್ರಮ ತಪ್ಪಬಾರದೆಂದೇ ಅವನು ಒಂದರಿಂದ ಸಾಲಾಗಿ ಹಿಡಿದಿದ್ದ.

ಆಗ ನನಗೆ ಹೊಳೆಯಿತು. ಅಳಿಸಲು ಬರದವನು ಬರೆಯಬಲ್ಲೆನಲ್ಲ! ಅರ್ಧ ಡಬ್ಬಿ ಬಣ್ಣ ಇತ್ತು. ಗೂಡಿಲ್ಲದ ಒಂದು ಮರಕ್ಕೆ ಹೋಗಿ ಬಾಚಿಯಿಂದ ಹೆರೆದು ‘ಹತ್ತು’ ಬರೆದೆ. ಪಕ್ಕದ ಮರಕ್ಕೆ ಇನ್ನೊಂದು ‘ಹತ್ತು’. ಆಚೆಯದಕ್ಕೆ ‘ಹನ್ನೊಂದು’, ಅದರಾಚೆಯದಕ್ಕೂ ‘ಹನ್ನೊಂದು’. ಕೆರೆದು ಹಾಕಿದ್ದ ಹತ್ತನೇ ಮರಕ್ಕೂ ಮತ್ತೆ ‘ಹತ್ತು’. ತೆಳು ಕೈ ಇಲ್ಲ, ನೆರಳಿಲ್ಲ, ಅಳತೆಯಿಲ್ಲ. ಬಣ್ಣ ಇಳಿದು ಸೋರುತ್ತಿತ್ತು. ಜನ್ಮದಲ್ಲಿ ಅಷ್ಟು ಕೆಟ್ಟ ಅಕ್ಷರ ಬರೆದಿರಲಿಲ್ಲ. ಸರ್ಕಾರದ ಮರಕ್ಕೆ ಸುಳ್ಳು ಗುರುತು ಹಾಕಿದರೆ ಕೈಗೆ ಕೋಳ ಬೀಳಬಹುದು ಎಂಬುದು ತಲೆಗೆ ಬಂತು, ಹೆಂಡತಿ ಮಕ್ಕಳೂ ನೆನಪಾದರು. ಕೈ ನಿಲ್ಲಲಿಲ್ಲ.

ಕೊಡಲಿಯವನೊಬ್ಬ ಹತ್ತನೇ ಮರದ ಬುಡಕ್ಕೆ ಹೋಗಿ ನಿಂತ. ಇನ್ನೊಬ್ಬ ತೋಪಿನ ಆಚೆಯಿಂದ, “ಹತ್ತು ಇಲ್ಲೈತೆ,” ಅಂದ. ಮೂರನೆಯವನು, ತನ್ನ ಮುಂದೆಯೂ ಹತ್ತೇ ಇದೆ ಅಂದ. ಮೇಸ್ತ್ರಿ ಪುಸ್ತಕ ಹಿಡಿದು ಒಂದರಿಂದ ಒಂದಕ್ಕೆ ಓಡಾಡಿದ. ಹೊಸ ಬಣ್ಣಕ್ಕೆ ಬೆರಳಿಟ್ಟ, ಬೆರಳು ಬೆಳ್ಳಗಾಯಿತು. ನಾನು ಹನ್ನೆರಡನ್ನು ಬರೆಯುತ್ತಿದ್ದಲ್ಲಿಗೆ ಬಂದು ನಿಂತ.

“ಸಾಬ್ರೇ, ನನ್ನ ಹೊಟ್ಟಿ ಮ್ಯಾಲೆ ಯಾಕ ಹೊಡೀತೀರಿ? ಎರಡು ಹತ್ತು ಡಿಪೋಕ್ಕ ಹೋದ್ರೆ ನಾನು ಕಳ್ಳ ಆಗ್ತೀನಿ.”

“ಅದಕ್ಕ ಬರೆದೀನಿ,” ಅಂದೆ. “ಗಾರ್ಡು ಬರೋತನಕ ಕೂಡ್ರಿ. ಬಂದ ಮ್ಯಾಲೆ ನನ್ನನ್ನ ಹಿಡಕೊಡ್ರಿ, ಬ್ಯಾಡ ಅನ್ನಲ್ಲ.”

ಮೇಸ್ತ್ರಿ ಬೀಡಿ ಹಚ್ಚಿದ. ಕೊಡಲಿಯವರಿಗೆಲ್ಲ ಕೈಸನ್ನೆ ಮಾಡಿ ನೆರಳಿಗೆ ಕೂರಿಸಿದ. ತೋಪು ಸುಮ್ಮನಾಯಿತು. ಒಂದೊಂದೇ ಕೊಕ್ಕರೆ ಇಳಿದು ಹತ್ತರಿಂದ ಆಚೆಯ ಮರಗಳಲ್ಲಿ ಕೂತವು. ಒಂದನೇ ಮರ ಇದ್ದ ಜಾಗದಲ್ಲಿ ಒಂದು ಹಕ್ಕಿ ಕೆರೆಯಿಂದ ಬಂದು, ಗೂಡು ಇದ್ದಷ್ಟು ಎತ್ತರದಲ್ಲಿ ಕಾಲು ಇಳಿಬಿಟ್ಟು, ಕೂರಲು ಏನೂ ಸಿಗದೆ ಮತ್ತೆ ಮೇಲಕ್ಕೆ ಹೋಯಿತು. ಅದರ ಕೊಕ್ಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಬ್ರಶ್ ಹಿಡಿದುಕೊಂಡೇ ನಿಂತಿದ್ದೆ.

ಮೇಷ್ಟ್ರು ಗಾರ್ಡನ್ನು ಕರೆದುಕೊಂಡು ಬಂದಾಗ ಒಂದು ಗಂಟೆ ದಾಟಿತ್ತು. ಗಾರ್ಡು ಎಳೆಯ ವಯಸ್ಸಿನವನು. ದಾರಿಯಲ್ಲೇ ಎಲ್ಲ ಕೇಳಿ ಅವನ ಮುಖ ಸಪ್ಪಗಾಗಿತ್ತು. ಗುರುತು ಹಾಕುವ ಕೆಲಸ ಅವನದೇ, ಶನಿವಾರ ಸಂಜೆ ಅದಕ್ಕೆಂದೇ ಬಂದಿದ್ದ. ಬಂದರೆ ಮರಗಳಿಗೆ ನಂಬರ್ ಆಗಲೇ ಬಿದ್ದಿದೆ. ಆಫೀಸಿನಲ್ಲಿ ಯಾರನ್ನೂ ಕೇಳಲಿಲ್ಲವೇ ಎಂದು ಮೇಷ್ಟ್ರು ಕೇಳಿದರು, ಮೊದಲ ಸಲ ಅವರ ದನಿ ಏರಿತ್ತು. ಅವನು ಬಿದ್ದ ಮರವನ್ನೇ ನೋಡುತ್ತಾ ಹೇಳಿದ:

“ಇಷ್ಟು ಚೆಂದ ಬರೆದದ್ದು ನೋಡಿ, ಆಫೀಸ್ನೋರೇ ಬರ್ಸಿರ್ಬೇಕು ಅನ್ಕಂಡೆ ಸಾರ್.”

ಅದಕ್ಕಿಂತ ಅವನು ನನ್ನ ಮುಖಕ್ಕೆ ಉಗಿದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷ ಕುಂಚ ಹಿಡಿದು, ಉಸ್ತಾದರ ಕೈಲಿ ಬೆರಳಿಗೆ ಪೆಟ್ಟು ತಿಂದು ಕಲಿತದ್ದು ಆ ಚೆಂದ. ಅದೇ ಒಂಬತ್ತು ಮರ ತಿಂದಿತು.

ಮುಂದಿನದನ್ನು ಗಾರ್ಡು ತಾನೇ ತೀರ್ಮಾನಿಸಿದ. ಚೆಂದ ಬರೆದದ್ದು ಬಿಡುವುದು, ಸೋರಿದ್ದು ಕಡಿಯುವುದು. ಹತ್ತನೆಯದು ಮಾತ್ರ ಸೋರಿದ್ದರೂ ಬಿಡುವುದು. ಸೋರಿದ ನಂಬರುಗಳ ಮೇಲೆ ತಾನೇ ಹೊಸ ನಂಬರ್ ಹಾಕಿದ. ನನ್ನನ್ನು ಹಿಡಿದುಕೊಡುವ ಮಾತು ಯಾರೂ ಎತ್ತಲಿಲ್ಲ. ಮೇಷ್ಟ್ರು ಬದುಕಿದ್ದ ಏಳು ಮರಿಗಳನ್ನು ಬುತ್ತಿಯ ಬುಟ್ಟಿಯಲ್ಲಿ ಹಾಕಿಕೊಂಡರು. ದಾವಣಗೆರೆ ಮುಟ್ಟುವಷ್ಟರಲ್ಲಿ ಐದು ಉಳಿದವು, ವಾರದೊಳಗೆ ಒಂದೂ ಉಳಿಯಲಿಲ್ಲ. ನಾವು ಹೊರಡುವಾಗ ಮೇಸ್ತ್ರಿ ಕೊಡಲಿಯಿಂದ ಒಂದನೇ ಮರದ ಮೇಲೆ ಹಗುರವಾಗಿ ಒಂದು ಏಟು ಹಾಕಿ ಚಕ್ಕೆ ಎಬ್ಬಿಸಿ ನನ್ನ ಕೈಗೆ ಕೊಟ್ಟ. ನನ್ನ ಅಂಗಡಿಯ ಹೆಸರಿದ್ದ ಚಕ್ಕೆ. ಡಿಪೋದಲ್ಲಿ ಇದು ಯಾರ ಹೆಸರು ಎಂದು ಕೇಳಿದರೆ ನಿಮಗೂ ತೊಂದರೆ, ನನಗೂ ತೊಂದರೆ ಅಂದ. ಅದು ಈಗಲೂ ನನ್ನ ಕುಂಚದ ಪೆಟ್ಟಿಗೆಯಲ್ಲಿದೆ.

ವರ್ಷವಿಡೀ ನಾನು ಮೇಷ್ಟ್ರ ಕಣ್ಣಿಗೆ ಬೀಳದಂತೆ ಓಡಾಡಿದೆ. ಮುಂದಿನ ಜನವರಿಯಲ್ಲಿ ಅವರೇ ಅಂಗಡಿಗೆ ಬಂದರು. ಎಣಿಕೆಗೆ ಹೋಗೋಣ ಬರ್ರಿ ಅಂದರು. ಬಣ್ಣದ ಚೀಲ ತರಬೇಕೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಬರಿಗೈಯಲ್ಲಿ ಹೋದೆ.

ಕೊಕ್ಕರೆಗಳು ಬಂದಿದ್ದವು. ಅರ್ಧ ಗಂಟೆ ಏರಿಯ ಮೇಲೆ ಸುಮ್ಮನೆ ಕೂತೆವು. ಆಮೇಲೆ ಮೇಷ್ಟ್ರು ದುರ್ಬೀನನ್ನು ನನ್ನ ಕೊರಳಿಗೆ ಹಾಕಿ, ಹೋದ ವರ್ಷದ ಅದೇ ಪಟ್ಟಿಯನ್ನು ಮಡಿಕೆ ಬಿಡಿಸಿ ತೊಡೆಯ ಮೇಲಿಟ್ಟುಕೊಂಡರು. ನಾನು ನೋಡಿ ಹೇಳುವುದು, ಅವರು ಬರೆಯುವುದು. ಹತ್ತರಿಂದ ಶುರು ಮಾಡುತ್ತಾರೆ ಅಂದುಕೊಂಡು ದುರ್ಬೀನನ್ನು ಆ ಕಡೆ ತಿರುಗಿಸಿದೆ.

“ಒಂದು?” ಅಂದರು ಮೇಷ್ಟ್ರು.

ನಾನು ಅವರ ಕಡೆ ನೋಡಿದೆ. ಅವರು ಪಟ್ಟಿಯಿಂದ ತಲೆ ಎತ್ತಲಿಲ್ಲ, ಪೆನ್ಸಿಲ್ ಹಿಡಿದು ಕಾಯುತ್ತಿದ್ದರು.

“ಇಲ್ಲ ಸಾರ್,” ಅಂದೆ.

ಬರೆದುಕೊಂಡರು. “ಎರಡು?”

“ಇಲ್ಲ ಸಾರ್.”

ಒಂಬತ್ತು ಸಲ ಕೇಳಿದರು, ಒಂಬತ್ತು ಸಲ ಹೇಳಿದೆ. ಕೊನೆಕೊನೆಗೆ ದುರ್ಬೀನಿನ ಗಾಜು ಮಸುಕಾಗಿ ಏನೂ ಕಾಣಲಿಲ್ಲ, ಅಂಗಿಯ ತುದಿಯಿಂದ ಒರೆಸಿಕೊಂಡೆ.

“ಹತ್ತು?”

ನನ್ನ ಕೆಟ್ಟ ಅಕ್ಷರದ ‘ಹತ್ತು’, ಬಣ್ಣ ಸೋರಿ ಕೆಳಗಿಳಿದದ್ದು ಹಾಗೇ ಇತ್ತು. ಕೊಂಬೆಯಿಂದ ಕೊಂಬೆಗೆ ಎಣಿಸಿದೆ, ತಪ್ಪಬಾರದೆಂದು ಇನ್ನೊಮ್ಮೆ ಎಣಿಸಿದೆ.

“ಐದು ಗೂಡು ಸಾರ್,” ಅಂದೆ.